ರಾಯಣ್ಣನನ್ನು ಅಳಿಸಬೇಡ, ಹಾಗೇ ಬಾ

ತಮ್ಮಾ, ಮುಂದಿನ ತಿಂಗಳು ಪುಣೆಯ ಹಿಂಜವಡಿಯಲ್ಲಿ ಕೆಲಸಕ್ಕೆ ಸೇರುತ್ತೀಯ, ಬಲಗೈ ತುಂಬ ಸಂಗೊಳ್ಳಿ ರಾಯಣ್ಣನ ಹಚ್ಚೆ ಇದೆ, ಲೇಸರ್ ಮಾಡಿಸಿ ತೆಗೆಸು ಅಂತ ಅಪ್ಪ ಬೆನ್ನು ಹತ್ತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀಯ. ಲೇಸರ್ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಹಲವು ಸಲ ಹೋಗಬೇಕು, ನಡುವೆ ವಾರಗಟ್ಟಲೆ ಬಿಡುವು ಬೇಕು. ಈಗ ಶುರು ಮಾಡಿದರೆ ಅರ್ಧ ಮೀಸೆಯ ರಾಯಣ್ಣನನ್ನು ಕರಕೊಂಡು ಆಫೀಸಿಗೆ ಹೋಗುತ್ತೀಯ, ಅಷ್ಟೆ.

ನಾನು ಗದಗಿನಿಂದ ಪುಣೆಗೆ ಬಂದದ್ದು 2003ರಲ್ಲಿ. ಎಡ ಮಣಿಕಟ್ಟಿನ ಮೇಲೆ ‘ಅವ್ವ’ ಅಂತ ಹಚ್ಚೆ. ಹತ್ತು ವರ್ಷದವಳಿದ್ದಾಗ ಜಾತ್ರೆಯಲ್ಲಿ, ಬ್ಯಾಟರಿ ಮಷೀನಿನವನ ಮುಂದೆ ಕೂತು ಹಾಕಿಸಿಕೊಂಡದ್ದು. ಮೊದಲ ಸಂದರ್ಶನದಲ್ಲಿ ಸಾಹೇಬರು ನನ್ನ ಅಂಕಪಟ್ಟಿಗಿಂತ ಮಣಿಕಟ್ಟನ್ನೇ ಹೆಚ್ಚು ನೋಡಿದರು. ‘ಗಿರಾಕಿಗಳ ಎದುರು ಕೂರಬೇಕು, ಇದನ್ನು ಮುಚ್ಚಿಕೊಳ್ಳಿ’ ಅಂದರು. ಮೂರು ವರ್ಷ ಅಗಲ ಪಟ್ಟಿಯ ಗಂಡಸರ ವಾಚು ಕಟ್ಟಿದೆ. ಮೇ ತಿಂಗಳಲ್ಲಿ ಅದರಡಿ ಬೆವರುಸಾಲೆ ಎದ್ದು ತುರಿಕೆಯೋ ತುರಿಕೆ. ಕೊನೆಗೆ ಬಿಚ್ಚಿಟ್ಟ ದಿನ ಯಾರೂ ತಿರುಗಿಯೂ ನೋಡಲಿಲ್ಲ, ನನಗೇ ಸ್ವಲ್ಪ ಬೇಜಾರಾಯಿತು! ಈಗ ಸಂದರ್ಶನದ ಮೇಜಿನ ಈಚೆ ನಾನು ಕೂರುತ್ತೇನೆ. ಹುಡುಗಿಯರ ಕಿವಿ ಹಿಂದೆ ಹಕ್ಕಿ, ಹುಡುಗರ ಕತ್ತಿನ ಮೇಲೆ ಏನೇನೋ. ಆ ಬಗ್ಗೆ ಮಾತೇ ಬರುವುದಿಲ್ಲ. ವಿಮಾನದ ಗಗನಸಖಿಯರ ಕೆಲಸ, ದೊಡ್ಡ ಹೋಟೆಲಿನ ಸ್ವಾಗತಕಟ್ಟೆ ಬೇರೆ ಮಾತು, ಅಲ್ಲಿ ಇನ್ನೂ ಮುಚ್ಚು ಅನ್ನುತ್ತಾರೆ. ನಿನ್ನದು ಕೋಡಿಂಗ್ ತಾನೆ?

ಮನೆ ಹುಡುಕುವಾಗಲೂ ಹೆದರಬೇಡ. ಸದಾಶಿವ ಪೇಠೆಯ ಹಳೇ ವಾಡೆಯ ಮನೆಯೊಂದರಲ್ಲಿ ಮನೆಯೊಡತಿ ಅಜ್ಜಿ ಮೊದಲು ಕೇಳಿದ್ದು ಮೊಟ್ಟೆಯ ಬಗ್ಗೆ. ಆಮೇಲೆ ‘ಗೋಂದಣ?’ (ಮರಾಠಿಯಲ್ಲಿ ಹಚ್ಚೆ) ಅನ್ನುತ್ತ ನನ್ನ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕನ್ನಡದ ದುಂಡು ಅಕ್ಷರ ನೋಡಿ ಗಣಪತಿಯ ಸೊಂಡಿಲು ಅಂದುಕೊಂಡರು. ಅವರ ಮುಂಗೈ ಮೇಲೂ ತುಳಸಿ ವೃಂದಾವನದ ಹಸಿರು ಗೆರೆಗಳು ಮಸುಕಾಗಿದ್ದವು. ಹಚ್ಚೆ ಇಲ್ಲದ ಸೊಸೆಯ ಕೈಯ ನೀರು ಕುಡಿಯುತ್ತಿರಲಿಲ್ಲ ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಅದೇ ಹಚ್ಚೆಗೆ ನಾನು ವಾಚು ಕಟ್ಟಿಕೊಂಡು ಓಡಾಡಿದೆ ನೋಡು. ಮಟನ್ನಿಗೆ ಮಾತ್ರ ಮನೆಯೊಡತಿ ಅಜ್ಜಿ ಕೊನೆವರೆಗೂ ಒಪ್ಪಲಿಲ್ಲ.

ಕೈಮೇಲಿನ ಕನ್ನಡ ನೋಡಿ ಜಗಳ ತೆಗೆಯುತ್ತಾರಾ ಅಂತಲೂ ಕೇಳಿದ್ದೀಯ. ಗಡಿ ಗಲಾಟೆ ಎದ್ದಾಗ, 2022ರ ಡಿಸೆಂಬರಿನಲ್ಲಿ, ಇಲ್ಲಿ ನಮ್ಮ ಬಸ್ಸುಗಳಿಗೆ ಮಸಿ ಬಳಿದಿದ್ದರು. ಬಸ್ಸಿಗೆ, ಕೈಗಲ್ಲ. ಗಣಪತಿ ವಿಸರ್ಜನೆಯ ದಿನ ಲಕ್ಷ್ಮೀ ರಸ್ತೆಗೆ ಬಾ. ಢೋಲ್-ತಾಶಾ ತಂಡದ ಹುಡುಗರು ಕೈ ಎತ್ತಿ ಬಾರಿಸುವಾಗ ಮುಂಗೈ ಮೇಲೆ ಶಿವಾಜಿ ಮಹಾರಾಜರು, ಇಲ್ಲವೇ ಅವರ ರಾಜಮುದ್ರೆ. ನಿನ್ನ ಕೈ ನೋಡಿ ‘ಹೇ ಕೋಣ?’, ಅಂದರೆ ಇವರು ಯಾರು, ಅಂತ ಕೇಳೇ ಕೇಳುತ್ತಾರೆ. ಕಿತ್ತೂರಿನ ಬಂಟ, 1831ರಲ್ಲಿ ನಂದಗಡದಲ್ಲಿ ಬ್ರಿಟಿಷರು ಗಲ್ಲಿಗೇರಿಸಿದರು ಅಂತ ಹೇಳು. ಚಹಾದ ದುಡ್ಡು ಅವರೇ ಕೊಡುತ್ತಾರೆ.

ಹೊಸದಾಗಿ ಇನ್ನೊಂದು ಹಾಕಿಸಿಕೊಂಡರೆ 12 ತಿಂಗಳು ರಕ್ತದಾನ ಮಾಡುವಂತಿಲ್ಲ, ನೆನಪಿರಲಿ.

ಸೈನ್ಯಕ್ಕೆ ಸೇರಬೇಕೆಂದಿರುವ ನಿನ್ನ ತಮ್ಮನನ್ನು ಮಾತ್ರ ಹಚ್ಚೆ ಹಾಕಿಸಿಕೊಳ್ಳದಂತೆ ಇವತ್ತೇ ತಡೆ. ಭೂಸೇನೆ ಒಪ್ಪುವುದು ಮೊಣಕೈಯಿಂದ ಮಣಿಕಟ್ಟಿನವರೆಗಿನ ಒಳಭಾಗ ಮತ್ತು ಅಂಗೈಯ ಹಿಂಬದಿಯಲ್ಲಿ ಇದ್ದರಷ್ಟೇ. ಅರೆಸೇನಾ ಪಡೆಗಳಲ್ಲಿ ಮುಂಗೈ ಅಂದರೆ ಎಡಗೈಯದೇ ಆಗಬೇಕು, ಸೆಲ್ಯೂಟ್ ಹೊಡೆಯುವ ಕೈ ಖಾಲಿ ಇರಬೇಕು. ಅಣ್ಣನನ್ನು ನೋಡಿ ಅವನೂ ಬಲಗೈ ಚಾಚಿಕೊಂಡು ಕೂತಾನು.