ಸಿಲ್ಕ್ ಬೋರ್ಡ್ ಹೊಗೆಗೆ ಹೆಲಿಕಾಪ್ಟರ್ ಪೈಲಟ್‌ನ ಮಾಸ್ಕ್?

ಪ್ರಶ್ನೆ: ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ ಹಳೆಯ ಗ್ಯಾಸ್ ಮಾಸ್ಕ್ ಸಿಕ್ಕಿತು. ಮುಖದ ತುಂಬ ಒಂದೇ ಪಾರದರ್ಶಕ ಕಿಟಕಿ, ಆನೆಯ ಸೊಂಡಿಲಿನಂಥ ಕೊಳವೆ, ತುದಿಯಲ್ಲಿ ತಗಡಿನ ಡಬ್ಬಿ. ‘ಎಂ24’ ಎಂದು ಬರೆದಿದೆ. ಹೆಲಿಕಾಪ್ಟರ್ ಪೈಲಟ್‌ಗಳದ್ದಂತೆ. ಸಿಲ್ಕ್ ಬೋರ್ಡ್ ದಾಟುವಾಗ ಹಾಕಿಕೊಳ್ಳುತ್ತೇನೆ ಎಂದು ಮಗ ಹಟ ಹಿಡಿದಿದ್ದಾನೆ. ಬಿಡಬಹುದೇ?
– ಓದುಗರೊಬ್ಬರು, ಬಸವನಗುಡಿ

ಉತ್ತರ: ಬೇಡ. ಆದರೆ ಅಂಗಡಿಯವನು ಸುಳ್ಳು ಹೇಳಿಲ್ಲ. ಎಂ24 ಅಮೆರಿಕದ ಸೇನೆ ವಿಮಾನ, ಹೆಲಿಕಾಪ್ಟರ್ ಸಿಬ್ಬಂದಿಗೆಂದೇ ಮಾಡಿಸಿದ ಮಾಸ್ಕ್. ಟ್ಯಾಂಕಿನವರಿಗೆ ಇದರದೇ ಒಡಹುಟ್ಟು, ಎಂ25.

ಕಾಲಾಳಿನ ಮಾಸ್ಕ್ ಪೈಲಟ್‌ಗೆ ಒಗ್ಗುವುದಿಲ್ಲ. ಅವನು ಕತ್ತು ಬಗ್ಗಿಸದೆ ಮೀಟರುಗಳನ್ನು ನೋಡಬೇಕು, ಕಣ್ಣಂಚಿನಲ್ಲೇ ಮರ, ವಿದ್ಯುತ್ ತಂತಿಗಳನ್ನು ಗುರುತಿಸಬೇಕು. ಗಲ್ಲದ ಬಳಿ ಡಬ್ಬಿ ಜೋತಾಡಿದರೆ ನೋಟಕ್ಕೆ ಅಡ್ಡ, ಹೆಲ್ಮೆಟ್ ಹೊತ್ತ ಕತ್ತಿಗೆ ಇನ್ನಷ್ಟು ಭಾರ. ಅದಕ್ಕೇ ಕೊಳವೆ ಇಟ್ಟು ಡಬ್ಬಿಯನ್ನು ಮೈಮೇಲಿನ ಚೀಲಕ್ಕೆ ಇಳಿಸಿದರು. ರೇಡಿಯೊದಲ್ಲಿ ಮಾತಾಡಲು ಒಳಗೇ ಮೈಕ್ ಕೂರಿಸಿದರು. ನಿಮ್ಮದರಲ್ಲಿ ಅದು ಉಳಿದಿದೆಯೇ ನೋಡಿ. ಆಮೇಲೆ ಬಂದ ಅಪಾಚೆ ಹೆಲಿಕಾಪ್ಟರಿನಲ್ಲಿ ಪೈಲಟ್‌ನ ಬಲಗಣ್ಣಿನ ಮುಂದೆಯೇ ಪುಟ್ಟ ಪರದೆ ನಿಲ್ಲುತ್ತದೆ. ಅದು ಕಣ್ಣಿಗೆ ಹತ್ತಿರವಾಗಲೆಂದು ಎಂ43 ಮಾಸ್ಕಿನ ಬಲಗಾಜಿನ ಆಕಾರವನ್ನೇ ಬದಲಿಸಿದರು, ಗಾಳಿ ಊದಲು ಮೋಟಾರನ್ನೂ ಕೊಟ್ಟರು. ನನ್ನ ಕಣ್ಣಿಗೆ ಅದು ನೊಣದ ಮುಖ. ಚಂದಕ್ಕೆ ನಿಮ್ಮ ಎಂ24 ವಾಸಿ.

ಈಗ ಆ ಡಬ್ಬಿಯ, ಅಂದರೆ ಗಾಳಿ ಸೋಸುವ ಫಿಲ್ಟರಿನ ವಿಷಯ. ಆ ಕಾಲದ ಅಮೆರಿಕನ್ ಸೇನಾ ಫಿಲ್ಟರುಗಳ ಇದ್ದಿಲಿಗೆ ತಾಮ್ರ, ಬೆಳ್ಳಿಯ ಜೊತೆ ಕ್ರೋಮಿಯಂ ಲವಣವನ್ನೂ ಉಣಿಸುತ್ತಿದ್ದರು. ಅದು ಕ್ಯಾನ್ಸರ್‌ಕಾರಕ ಬಗೆಯ ಕ್ರೋಮಿಯಂ. ತುಕ್ಕು ಹಿಡಿದ ಡಬ್ಬಿಯಿಂದ ಉಸಿರೆಳೆದರೆ ಆ ಪುಡಿ ನೇರ ಶ್ವಾಸಕೋಶಕ್ಕೆ. ಎರಡನೆಯ ಮಹಾಯುದ್ಧ ಕಾಲದ ಬ್ರಿಟಿಷ್ ಮಾಸ್ಕುಗಳ ಫಿಲ್ಟರಿನಲ್ಲಂತೂ ಕಲ್ನಾರೇ (ಆಸ್ಬೆಸ್ಟಾಸ್) ಇರುತ್ತಿತ್ತು. ಹೊಗೆಯಿಂದ ತಪ್ಪಿಸಿಕೊಳ್ಳಲು ಹೋಗಿ ಇದನ್ನು ಸೇದುವುದೇ? ಮಗನಿಗೆ ಮುಖಕ್ಕೆ ಸರಿಯಾಗಿ ಕೂರುವ ಹೊಸ ಎನ್‌95 ಕೊಡಿಸಿ. ದೂಳಿನ ಮಟ್ಟಿಗೆ ಅದು ಸಾಕು.

ಡಬ್ಬಿಯನ್ನು ಬಿಚ್ಚಬೇಡಿ, ಅಲ್ಲಾಡಿಸಬೇಡಿ. ಎರಡು ದಪ್ಪ ಕವರಿನಲ್ಲಿ ಕಟ್ಟಿ, ಅಪಾಯಕಾರಿ ತ್ಯಾಜ್ಯ ಒಯ್ಯುವವರಿಗೆ ಬೇರೆಯಾಗಿಯೇ ಕೊಡಿ. ಮಾಸ್ಕನ್ನು ಸೌಮ್ಯ ಸೋಪಿನ ನೀರಿನಲ್ಲಿ ಒರೆಸಿ ನೆರಳಲ್ಲಿ ಆರಿಸಿ. ಹೊಳಪಿಗೆಂದು ಕೊಬ್ಬರಿ ಎಣ್ಣೆ ಸವರಬೇಡಿ, ರಬ್ಬರ್ ಹಾಳಾಗುತ್ತದೆ. ಮೊಳೆಗೆ ನೇತುಹಾಕಿದರೆ ಪಟ್ಟಿಗಳು ಜಗ್ಗುತ್ತವೆ. ಒಳಗೆ ಮೆತ್ತನೆಯ ಬಟ್ಟೆ ತುರುಕಿ, ಬಿಸಿಲು ಬೀಳದ ಕಪಾಟಿನಲ್ಲಿ ಕೂರಿಸಿ.