ಹಿತ್ತಿಲಲ್ಲಿ ಸಾಕಿದ ಕೋಳಿ, ಆಡುಗಳ ಮೊಟ್ಟೆ, ಹಾಲು, ಮರಿಗಳನ್ನು ಮಾರುವುದು ಹೇಗೆ?

ಹಿತ್ತಿಲಲ್ಲಿ ಹದಿನೈದು ಕೋಳಿ ಮತ್ತು ಎರಡು ಆಡುಗಳಿದ್ದು, ಮನೆಗೆ ಬಳಸಿ ಉಳಿದದ್ದನ್ನು ಯಾರಿಗೆ, ಯಾವ ಬೆಲೆಗೆ ಮಾರಬೇಕೆಂದು ನೀವು ಕೇಳಿದ್ದೀರಿ. ನಾನೂ ಹೆಚ್ಚುಕಡಿಮೆ ಇಷ್ಟೇ ಪ್ರಮಾಣದಲ್ಲಿ ಸಾಕಿ ಮಾರುತ್ತಿರುವವನು. ಗಿರಾಕಿಗಳನ್ನು ಹುಡುಕುವ ಮೊದಲು, ವರ್ಷದಲ್ಲಿ ಎಲ್ಲಕ್ಕಿಂತ ಕಡಿಮೆ ಸಿಗುವ ತಿಂಗಳಲ್ಲಿ ನಿಮ್ಮ ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನು ತಿಳಿದುಕೊಳ್ಳಿ; ವರ್ತನೆಯ ಮನೆಗಳಿಗೆ, ಅಂದರೆ ತಪ್ಪದೆ ನಿಮ್ಮಿಂದಲೇ ಕೊಳ್ಳುವ ಮನೆಗಳಿಗೆ, ಅಷ್ಟಕ್ಕೆ ಮಾತ್ರ ಮಾತು ಕೊಡಿ.

ಹಗಲು ಚಿಕ್ಕದಾದಂತೆ ಕೋಳಿಗಳು ಮೊಟ್ಟೆಯಿಡುವುದು ಕಡಿಮೆಯಾಗುತ್ತದೆ, ಪುಕ್ಕ ಉದುರಿಸುವ ಎರಡು ಮೂರು ತಿಂಗಳಂತೂ ಬಹುಮಟ್ಟಿಗೆ ನಿಂತೇ ಹೋಗುತ್ತದೆ, ಇನ್ನು ಕಾವಿಗೆ ಕೂತ ಕೋಳಿಯ ಲೆಕ್ಕವೇ ಬೇರೆ. ಸುಗ್ಗಿಯ ದಿನಗಳಲ್ಲಿ ಸಿಗುವ ಹತ್ತು ಮೊಟ್ಟೆಗಳನ್ನೂ ವರ್ತನೆಗೆ ಒಪ್ಪಿಕೊಂಡರೆ, ನಾಲ್ಕಕ್ಕೆ ಇಳಿದ ವಾರ ಆ ಮನೆಯವರು ಅಂಗಡಿಗೆ ಹೋಗುತ್ತಾರೆ, ಮತ್ತೆ ಹಿಂದಿರುಗುವುದು ಕಷ್ಟ. ಹೆಚ್ಚಿಗೆ ಸಿಕ್ಕಿದ್ದನ್ನು ಬಿಡಿಯಾಗಿ ಮಾರಬಹುದು.

ಬೆಲೆಯನ್ನು ಅಂಗಡಿಯ ಬೆಲೆ ನೋಡಿ ಕಟ್ಟಬೇಡಿ. ಮೊಟ್ಟೆಯಿಡುವ ಕೋಳಿಯೊಂದು ದಿನಕ್ಕೆ ಸುಮಾರು 115 ಗ್ರಾಂ ಆಹಾರ ತಿನ್ನುತ್ತದೆ ಎಂದಿಟ್ಟುಕೊಂಡರೆ, ಹದಿನೈದು ಕೋಳಿಗಳಿಗೆ 1,725 ಗ್ರಾಂ ಬೇಕು. ಆ ದಿನ ಹತ್ತು ಮೊಟ್ಟೆ ಸಿಕ್ಕರೆ ಮೊಟ್ಟೆಯೊಂದಕ್ಕೆ 172 ಗ್ರಾಂ ಆಹಾರ ಖರ್ಚಾಯಿತು, ನಾಲ್ಕೇ ಸಿಕ್ಕರೆ 430 ಗ್ರಾಂ ದಾಟುತ್ತದೆ. ಆದ್ದರಿಂದ ಇಡೀ ವರ್ಷದ ಆಹಾರದ ಖರ್ಚನ್ನು ಇಡೀ ವರ್ಷದ ಮೊಟ್ಟೆಗಳಿಂದ ಭಾಗಿಸಿಯೇ ಬೆಲೆ ಹೇಳಬೇಕು. ಹಿತ್ತಿಲಲ್ಲಿ ಕೆದಕಿ ತಿನ್ನುವ ಹುಳು, ಸೊಪ್ಪು, ಕಾಳುಗಳಿಂದ ಖರ್ಚು ಸ್ವಲ್ಪ ತಗ್ಗಬಹುದಾದರೂ ಅದನ್ನೇ ನೆಚ್ಚಿಕೊಳ್ಳಬಾರದು.

ಮೊಟ್ಟೆಗಳನ್ನು ತಣ್ಣೀರಿನಲ್ಲಿ ತೊಳೆದು ಕೊಡುವ ರೂಢಿ ಬೇಡ. ಚಿಪ್ಪಿನ ಮೇಲಿನ ತೆಳುವಾದ ರಕ್ಷಣಾ ಪದರ ತೊಳೆದಾಗ ಹೋಗುತ್ತದೆ. ಮೇಲಾಗಿ ತಣ್ಣೀರಿಗೆ ಒಳಭಾಗ ಕುಗ್ಗುವುದರಿಂದ ಹೊರಗಿನ ಕೊಳೆ ಸಣ್ಣ ರಂಧ್ರಗಳ ಮೂಲಕ ಒಳಕ್ಕೆ ಸೆಳೆಯಲ್ಪಡುತ್ತದೆ. ಗೂಡಿನ ಹುಲ್ಲನ್ನು ಆಗಾಗ ಬದಲಿಸಿ, ಅಲ್ಪಸ್ವಲ್ಪ ಕೊಳೆಯನ್ನು ಒಣಬಟ್ಟೆಯಿಂದ ಒರೆಸಿ, ಇಟ್ಟ ದಿನಾಂಕವನ್ನು ಪೆನ್ಸಿಲಿನಲ್ಲಿ ಬರೆದುಕೊಡಿ. ಕೊಳ್ಳುವವರ ನಂಬಿಕೆ ಗಳಿಸಲು ಆ ಪೆನ್ಸಿಲಿನ ಗುರುತಿನಷ್ಟು ಅಗ್ಗದ ಉಪಾಯ ನನಗೆ ಬೇರೆ ಕಂಡಿಲ್ಲ.

ಹಾಲಿನ ವಿಷಯದಲ್ಲಿ ಹೆಚ್ಚು ಕಟ್ಟುನಿಟ್ಟು ಬೇಕು. ಕರೆದ ಕೂಡಲೇ ಸೋಸಿ 4 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಬೇಕು; ಹಸಿ ಹಾಲಿನ ಮಾರಾಟಕ್ಕೆ ನಿಮ್ಮಲ್ಲಿ ಯಾವ ನಿಯಮವಿದೆ ಎಂದು ಮೊದಲೇ ವಿಚಾರಿಸಿ. ಕಾಯಿಸಿ ಕೊಡುವುದಾದರೆ 63 ಡಿಗ್ರಿಯಲ್ಲಿ 30 ನಿಮಿಷ ಇಡುವ ಪಾಶ್ಚರೀಕರಣವನ್ನು ಮನೆಯಲ್ಲೇ ಮಾಡಬಹುದು. ಕೆಚ್ಚಲು ಬಾವು ಬಂದಾಗ, ಔಷಧಿ ಕೊಟ್ಟಾಗ, ಔಷಧಿಯ ಡಬ್ಬಿಯ ಮೇಲೆ ಬರೆದಿರುವಷ್ಟು ಅಥವಾ ಪಶುವೈದ್ಯರು ಹೇಳಿದಷ್ಟು ದಿನ ಹಾಲನ್ನಾಗಲಿ ಮಾಂಸಕ್ಕೆ ಪ್ರಾಣಿಯನ್ನಾಗಲಿ ಮಾರಲೇಬಾರದು. ಮೊಟ್ಟೆಗೂ ಇದೇ ಮಾತು.

ಸಣ್ಣ ಸಾಕಣೆಗಾರರು ಅತಿ ಹೆಚ್ಚು ಕಳೆದುಕೊಳ್ಳುವುದು ಮರಿಗಳನ್ನು ಮಾರುವಾಗ, ಏಕೆಂದರೆ ದಲ್ಲಾಳಿ ಕಣ್ಣಂದಾಜಿನಲ್ಲಿ ಬೆಲೆ ಕಟ್ಟುತ್ತಾನೆ ಮತ್ತು ಅವನ ಕಣ್ಣು ನಮ್ಮದಕ್ಕಿಂತ ಪಳಗಿದ್ದು. ತಕ್ಕಡಿ ಇಲ್ಲದಿದ್ದರೆ ದರ್ಜಿಯ ಟೇಪು ಸಾಕು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮುಂತುದಿಯಿಂದ ಪೃಷ್ಠದ ಮೂಳೆಯವರೆಗಿನ ಉದ್ದವನ್ನೂ ಸೆಂಟಿಮೀಟರಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 10,840ರಿಂದ ಭಾಗಿಸಿದರೆ ಅಂದಾಜು ತೂಕ ಕಿಲೋಗ್ರಾಂನಲ್ಲಿ ಸಿಗುತ್ತದೆ. ಸುತ್ತಳತೆ 70, ಉದ್ದ 65 ಇದ್ದರೆ ಸುಮಾರು 29 ಕಿಲೋ. ಆ ಸಂಖ್ಯೆಯನ್ನು ಕೈಯಲ್ಲಿಟ್ಟುಕೊಂಡು ಚೌಕಾಸಿಗೆ ಕೂರಿ. ಇಬ್ಬರು ದಲ್ಲಾಳಿಗಳನ್ನಾದರೂ ಕೇಳದೆ ಹಗ್ಗ ಕೊಡಬೇಡಿ.

ಗೊಬ್ಬರವೂ ಮಾರುವ ವಸ್ತುವೇ. ಕೋಳಿಗೊಬ್ಬರ ಹಸಿಯಾಗಿದ್ದರೆ ಗಿಡದ ಬೇರು ಸುಡುವುದರಿಂದ ಕೆಲವು ತಿಂಗಳು ಕಳಿಯಲು ಬಿಟ್ಟು, ನಂತರ ಚೀಲಕ್ಕೆ ತುಂಬಿ ಕೊಡಿ. ಕೈತೋಟವಿರುವ ವರ್ತನೆಯ ಮನೆಗಳನ್ನೇ ಮೊದಲು ಕೇಳಿ ನೋಡಿ.