ಫಿಜಿ, ಟೊಂಗಾಕ್ಕೆ ಮೊದಲು ಬಂದವರು ದಾರಿ ತಪ್ಪಿದವರಲ್ಲ

ಪೆಸಿಫಿಕ್ ಸಾಗರದ ದ್ವೀಪಗಳಾದ ಫಿಜಿ, ಟೊಂಗಾಕ್ಕೆ ಮೊದಲ ಜನ ಬಿರುಗಾಳಿಗೆ ಸಿಕ್ಕಿ ತೇಲಿ ಬಂದರಾ ಅಂತ ಕೇಳಿದ್ದೀರಿ. ಇಲ್ಲ, ಬೇಕಂತಲೇ ಹೊರಟು ಬಂದರು. ಸುಮಾರು 3,000 ವರ್ಷಗಳ ಹಿಂದಿನ ಮಾತು. ಇವರನ್ನು ಲಪಿಟಾ ಜನ ಅಂತಾರೆ. ದೋಣಿಯಲ್ಲಿ ಕೋಳಿ, ಕೆಸುವಿನ ಗಡ್ಡೆ, ಬಾಳೆ ಕಂದು ಇದ್ದವು. ಮೀನು ಹಿಡಿಯಲು ಹೋದವರು ಸುಮ್ನೆ ಬಾಳೆ ಕಂದು ಹೊತ್ತುಕೊಂಡು ಹೋಗ್ತಾರಾ? ಅಲ್ಲಿ ವರ್ಷದಲ್ಲಿ ಜಾಸ್ತಿ ದಿನ ಗಾಳಿ ಪೂರ್ವದಿಂದ ಬೀಸುತ್ತದೆ. ಇವರು ಹೋಗಿದ್ದು ಪೂರ್ವಕ್ಕೇ. ಏನೂ ಸಿಗದಿದ್ದರೆ ಅದೇ ಗಾಳಿ ಹಿಡಿದು ಮನೆಗೆ ಮರಳಬಹುದಿತ್ತು. ಎಂಥ ಲೆಕ್ಕಾಚಾರ ನೋಡಿ!

ನನ್ನ ಮನಸ್ಸಲ್ಲಿ ಉಳಿದಿರೋದು ಅದೇ ಸಾಗರದ ವನುವಾಟು ದ್ವೀಪಗಳಲ್ಲಿರೋ ಟಿಯೋಮಾ ಅನ್ನೋ ಲಪಿಟಾ ಜನರ ಸ್ಮಶಾನ. ಅಲ್ಲಿ ಸಿಕ್ಕ ಒಂದು ಮಡಕೆಯಲ್ಲಿ ಮನುಷ್ಯರ ಮೂಳೆಗಳಿದ್ದವು. ಅದರ ಅಂಚಿನ ಮೇಲೆ ಮಣ್ಣಿನ ಪುಟ್ಟ ಹಕ್ಕಿಗಳು ಕೂತು ಒಳಗೆ ಇಣುಕುತ್ತಿವೆ. ಸತ್ತವರನ್ನು ಕಾಯಲಿ ಅಂತ ಮಾಡಿದ್ದಿರಬೇಕು, ನನಗಂತೂ ಹಾಗೇ ಅನ್ನಿಸುತ್ತೆ.

2016ರಲ್ಲಿ ಅಲ್ಲಿನ ಮೂಳೆಗಳ ಡಿಎನ್‌ಎ ಓದಿದಾಗ ತೈವಾನ್, ಫಿಲಿಪೀನ್ಸ್ ಕಡೆಯ ನಂಟು ಕಂಡಿತು. ಭಾಷೆಯಲ್ಲೂ ಅದೇ ಜಾಡು ಇದೆ. ಮಲಯದಲ್ಲಿ ಐದಕ್ಕೆ 'ಲಿಮಾ', ಫಿಜಿಯಲ್ಲೂ 'ಲಿಮಾ', ಸಮೋವಾದಲ್ಲೂ 'ಲಿಮಾ'. ಸಮೋವಾದಲ್ಲಿ ಕೈಗೂ ಅದೇ ಮಾತು. ಐದು ಬೆರಳು, ಅಲ್ವಾ?